ಬರಿಗಾಲಿನಿಂದ ಬೂಟಿಗೆ: ಅಹಮದ್ ಖಾನ್ ಆಡಿದ ಆಟ

1948ರ ಜುಲೈ 31. ಲಂಡನ್ನಿನ ಪೂರ್ವ ಅಂಚಿನಲ್ಲಿರುವ ಇಲ್‌ಫರ್ಡ್ ಎಂಬ ಊರಿನ ಕ್ರಿಕಲ್‌ಫೀಲ್ಡ್ ಮೈದಾನದಲ್ಲಿ ಅಂದು ಒಲಿಂಪಿಕ್ ಫುಟ್‌ಬಾಲ್ ಪಂದ್ಯವೊಂದು ನಡೆಯಿತು. ಒಂದು ಕಡೆ ಫ್ರಾನ್ಸ್, ಇನ್ನೊಂದು ಕಡೆ ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬದ ಭಾರತ. ಸುಮಾರು ಹದಿನೇಳು ಸಾವಿರ ಜನ ನೋಡಲು ಸೇರಿದ್ದರು. ಮೈದಾನಕ್ಕಿಳಿದ ಭಾರತೀಯರ ಕಾಲುಗಳನ್ನು ಕಂಡು ಅವರು ಬೆರಗಾದರು. ಹನ್ನೊಂದು ಮಂದಿಯಲ್ಲಿ ಎಂಟು ಜನರಿಗೆ ಬೂಟುಗಳೇ ಇರಲಿಲ್ಲ. ಕಣಕಾಲಿಗೆ ಬಟ್ಟೆಯ ಪಟ್ಟಿ, ಕೆಳಗೆ ಬರಿಗಾಲು.

ಆ ಬರಿಗಾಲಿನವರಲ್ಲಿ ಇಪ್ಪತ್ತೊಂದು ವರ್ಷದ ಒಬ್ಬ ತರುಣನಿದ್ದ. ಹೆಸರು ಅಹಮದ್ ಖಾನ್, ಊರು ಬೆಂಗಳೂರು. ಆ ದಿನ ಭಾರತದ ಪರವಾಗಿ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನವರೇ. ಸ್ವತಂತ್ರ ಭಾರತ ಆಡಿದ ಮೊಟ್ಟಮೊದಲ ಅಧಿಕೃತ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯದಲ್ಲಿ ದೇಶದ ಮೊದಲ ಗೋಲು ಹೊಡೆದದ್ದು ಮೈಸೂರು ಸೀಮೆಯ ಕಾಲು ಎಂಬ ಸಂಗತಿ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್ ಎಂದರೆ ಅಂಕಿ ಅಂಶಗಳನ್ನು ನಾಲಗೆಯ ತುದಿಯಲ್ಲಿ ಹೇಳುವ ನಾವು ಅಹಮದ್ ಖಾನ್ ಎಂದರೆ ಯಾರು ಎಂದು ಕೇಳುತ್ತೇವೆ. ಕಲ್ಕತ್ತೆಯಲ್ಲಿ ಹಾಗಲ್ಲ. ಅಲ್ಲಿನ ಹಿರಿಯ ತಲೆಮಾರಿನವರಿಗೆ ಈ ಹೆಸರು ಮನೆಮಾತು.

ಫ್ರಾನ್ಸಿನ ನೈಋತ್ಯ ಭಾಗದಲ್ಲಿ ರಗ್ಬಿ ಆಟವೆಂದರೆ ಜನರಿಗೆ ಪ್ರಾಣ. ಅಲ್ಲಿಯ ಸಣ್ಣ ಊರೊಂದರ ಹುಡುಗ ದೇಶದ ತಂಡದ ಅಂಗಿ ತೊಟ್ಟರೆ ಅದು ಇಡೀ ಊರಿನ ಹೆಮ್ಮೆ. ನಮ್ಮ ಊರಿನ ಅಹಮದ್ ಖಾನ್ ಎರಡು ಒಲಿಂಪಿಕ್ಸ್‌ಗಳಲ್ಲಿ ಆಡಿದರು, ಏಷ್ಯನ್ ಕ್ರೀಡೆಯಲ್ಲಿ ಚಿನ್ನ ಗೆದ್ದರು. ಭಾರತದ ಫುಟ್‌ಬಾಲು ಬರಿಗಾಲಿನಿಂದ ಬೂಟಿಗೆ ದಾಟಿದ ಹತ್ತು ವರ್ಷಗಳೇ ಅವರ ಆಟದ ವರ್ಷಗಳು ಕೂಡ. ಅವರ ಬದುಕನ್ನು ನೋಡುವುದೆಂದರೆ ಆ ದಾಟುವಿಕೆಯನ್ನು ನೋಡಿದಂತೆ.

ದಂಡಿನ ಮೈದಾನಗಳು

ಬೆಂಗಳೂರಿನ ಹಳಬರಿಗೆ ಊರು ಎಂದರೆ ಎರಡು. ಒಂದು ಪೇಟೆ, ಇನ್ನೊಂದು ದಂಡು. 1809ರಲ್ಲಿ ಬ್ರಿಟಿಷರು ಹಲಸೂರಿನ ಬಳಿ ಸೈನ್ಯವನ್ನು ನೆಲೆಗೊಳಿಸಿದಾಗ ದಂಡು ಪ್ರದೇಶ ಹುಟ್ಟಿತು. ಸೈನಿಕರ ಜತೆಗೆ ಅವರ ಆಟಗಳೂ ಬಂದವು. ಅಧಿಕಾರಿಗಳು ಕುದುರೆಯ ಮೇಲೆ ಕುಳಿತು ಪೋಲೊ ಆಡಿದರೆ ಸಾಮಾನ್ಯ ಸಿಪಾಯಿಗಳು ಚೆಂಡು ಒದ್ದರು. ದಂಡಿನ ಸುತ್ತ ನೆಲೆಸಿದ್ದ ಬಡವರ ಮಕ್ಕಳು ಗೆರೆಯಾಚೆ ನಿಂತು ನೋಡಿ ಕಲಿತರು. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರ, ಶಿವಾಜಿನಗರಗಳ ಗಲ್ಲಿಗಳಲ್ಲಿ ಫುಟ್‌ಬಾಲ್ ಬೇರೂರಿದ್ದು ಹೀಗೆ. ಗೌತಮಪುರದಲ್ಲಿ ಬ್ರೆಜಿಲ್ಲಿನ ಪೆಲೆಯ ಪ್ರತಿಮೆಯೊಂದು ನಿಂತಿರುವುದನ್ನು ನೋಡಿದವರಿಗೆ ಈ ಬೇರು ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಅರ್ಥವಾಗುತ್ತದೆ.

ಹಾಗಾದರೆ ಸಿಪಾಯಿಗಳ ಇನ್ನೊಂದು ಆಟವಾದ ರಗ್ಬಿ ಏಕೆ ಇಲ್ಲಿ ನಿಲ್ಲಲಿಲ್ಲ? ಫುಟ್‌ಬಾಲ್ ಮತ್ತು ರಗ್ಬಿ ಒಂದೇ ತಾಯಿಯ ಮಕ್ಕಳು. 1863ರಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಸಂಘ ನಿಯಮಗಳನ್ನು ಬರೆದಾಗ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು, ಎದುರಾಳಿಯ ಮೊಣಕಾಲಿನ ಕೆಳಗೆ ಒದೆಯುವುದು ಸರಿಯೇ ತಪ್ಪೇ ಎಂಬ ಬಗ್ಗೆ ಜಗಳವಾಯಿತು. ಸರಿ ಎಂದವರು ಬೇರೆಯಾಗಿ 1871ರಲ್ಲಿ ರಗ್ಬಿ ಯೂನಿಯನ್ ಕಟ್ಟಿಕೊಂಡರು. ಮರುವರ್ಷವೇ ಕಲ್ಕತ್ತೆಯ ಇಂಗ್ಲಿಷರು ರಗ್ಬಿ ಆಡತೊಡಗಿದರು, ಕ್ಲಬ್ಬೊಂದನ್ನೂ ಕಟ್ಟಿದರು. ಆದರೆ ಓಡುವವನನ್ನು ತಬ್ಬಿ ನೆಲಕ್ಕೆ ಕೆಡಹುವ ಆ ಆಟಕ್ಕೆ ಮೆತ್ತನೆಯ ನೆಲ, ತಂಪು ಹವೆ ಬೇಕು. ಬಂಗಾಳದ ಸೆಕೆಯಲ್ಲಿ ಅದು ಬಾಳಲಿಲ್ಲ. ಕ್ಲಬ್ಬು ಬಾಗಿಲು ಹಾಕುವಾಗ ಖಾತೆಯಲ್ಲಿ ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಒಂದು ಪಾತ್ರೆ ಮಾಡಿಸಿ ಇಂಗ್ಲೆಂಡಿಗೆ ಕಳಿಸಿಕೊಟ್ಟರು. ಹಾವಿನ ಹೆಡೆಯ ಹಿಡಿಗಳೂ ಮುಚ್ಚಳದ ಮೇಲೆ ಆನೆಯೂ ಇರುವ ಆ ಪಾತ್ರೆಯೇ 'ಕಲ್ಕತ್ತ ಕಪ್'. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ತಂಡಗಳು 1879ರಿಂದ ಇಂದಿನವರೆಗೂ ಅದಕ್ಕಾಗಿ ಸೆಣಸುತ್ತಿವೆ. ರಗ್ಬಿ ನಮ್ಮ ಬೆಳ್ಳಿಯನ್ನು ಕೊಂಡೊಯ್ದಿತು. ಫುಟ್‌ಬಾಲ್ ಇಲ್ಲೇ ಉಳಿಯಿತು. ಅದಕ್ಕೆ ಕಾರಣ ಸರಳ. ಒಂದು ಚೆಂಡಿದ್ದರೆ ಸಾಕು, ಗಟ್ಟಿ ನೆಲದ ಮೇಲೂ ಬರಿಗಾಲಲ್ಲೂ ಅದನ್ನು ಆಡಬಹುದಾಗಿತ್ತು.

ಅಹಮದ್ ಖಾನ್ 1926ರ ಡಿಸೆಂಬರ್ 24ರಂದು ಬೆಂಗಳೂರಿನಲ್ಲಿ ಹುಟ್ಟಿದರು. ಮನೆತನವೇ ಫುಟ್‌ಬಾಲಿನದು. ಅವರಿಗೆ ಹತ್ತು ವರ್ಷವಾಗಿದ್ದಾಗ, ಅಂದರೆ 1937ರಲ್ಲಿ, ಬೆಂಗಳೂರಿನ ಒಂದು ತಂಡ ದೇಶವನ್ನೇ ಅಚ್ಚರಿಗೊಳಿಸಿತು. ಮುಂಬಯಿಯ ರೋವರ್ಸ್ ಕಪ್ 1891ರಿಂದ ನಡೆಯುತ್ತಿದ್ದ ಪಂದ್ಯಾವಳಿ. ಅಲ್ಲಿಯವರೆಗೂ ಅದನ್ನು ಗೆಲ್ಲುತ್ತಿದ್ದವರು ಬ್ರಿಟಿಷ್ ಸೇನೆಯ ತಂಡಗಳೇ. ಆ ವರ್ಷ ಬೆಂಗಳೂರು ಮುಸ್ಲಿಮ್ಸ್ ತಂಡ ಅದನ್ನು ಗೆದ್ದುಕೊಂಡು ಬಂತು. 1938ರಲ್ಲಿ ಮತ್ತೊಮ್ಮೆ ಗೆದ್ದಿತು. ಮುಂದೆ ಅಹಮದ್ ಆಡಿ ಬೆಳೆದದ್ದು ಇದೇ ತಂಡದಲ್ಲಿ. ಅಂತರ ಪ್ರಾಂತ್ಯ ಸ್ಪರ್ಧೆಯಾದ ಸಂತೋಷ್ ಟ್ರೋಫಿಯನ್ನೂ ಮೈಸೂರು ತಂಡ 1946–47ರಲ್ಲಿ ಬಂಗಾಳವನ್ನು ಸೋಲಿಸಿ ಗೆದ್ದಿತ್ತು. ಹೀಗಾಗಿ 1948ರ ಒಲಿಂಪಿಕ್ ತಂಡದ ಆಯ್ಕೆಯಾಗುವಾಗ ಬೆಂಗಳೂರು ಯಾರ ದಯೆಗೂ ಕಾಯಬೇಕಾದ ಊರಾಗಿರಲಿಲ್ಲ.

ಬರಿಗಾಲೇಕೆ?

ಬರಿಗಾಲಿನ ಆಟ ಎಂದೊಡನೆ ನಮಗೆ ಹೊಳೆಯುವುದು ಬಡತನ. ಅದು ಅರ್ಧ ಸತ್ಯ. ಬೂಟು ದುಬಾರಿಯಾಗಿತ್ತು ಎಂಬುದು ನಿಜ. ಆದರೆ ಒಲಿಂಪಿಕ್ ತಂಡಕ್ಕೆ ಆಯ್ಕೆಯಾದವನಿಗೂ ಒಂದು ಜತೆ ಬೂಟು ಸಿಗದಷ್ಟು ಬಡತನವೇನೂ ಇರಲಿಲ್ಲ. ಅವರು ಬರಿಗಾಲನ್ನು ತಾವೇ ಆರಿಸಿಕೊಂಡಿದ್ದರು.

ಆ ಕಾಲದ ಬೂಟು ಇಂದಿನ ಹಗುರವಾದ ಪಾದರಕ್ಷೆಯಲ್ಲ. ಕಣಕಾಲು ಮುಚ್ಚುವಷ್ಟು ಎತ್ತರದ ದಪ್ಪ ಚರ್ಮ, ಗಟ್ಟಿ ಮೂತಿ, ಅಡಿಯಲ್ಲಿ ಮೊಳೆ ಹೊಡೆದು ಕೂರಿಸಿದ ಗುಬ್ಬಿಗಳು. ಇಂಗ್ಲೆಂಡಿನ ಕೆಸರು ನೆಲಕ್ಕೆಂದು ಮಾಡಿದ ವಸ್ತು ಅದು. ನಮ್ಮ ಗಟ್ಟಿ ನೆಲದ ಮೇಲೆ ಅದರ ಗುಬ್ಬಿಗಳು ಊರುವುದಿಲ್ಲ, ಕಾಲು ಜಾರುತ್ತದೆ, ಭಾರ ಬೇರೆ. ಬರಿಗಾಲಿಗಾದರೋ ಚೆಂಡಿನ ಚರ್ಮದ ಸ್ಪರ್ಶ ನೇರವಾಗಿ ತಿಳಿಯುತ್ತದೆ. ಬೆರಳುಗಳು ನೆಲವನ್ನು ಹಿಡಿಯುತ್ತವೆ. ಓಡುತ್ತಿದ್ದವನು ಥಟ್ಟನೆ ನಿಂತು ತಿರುಗಬಹುದು. ಅಂಗಾಲಿನಿಂದ ಚೆಂಡನ್ನು ಹಿಂದಕ್ಕೆಳೆದು ಎದುರಾಳಿಯ ಪಕ್ಕದಲ್ಲೇ ನುಸುಳಬಹುದು. ಶಿಕಾರಿಪುರದ ಅಂಜನಾಪುರ ಕೆರೆಯ ಕೆಳಗಿನ ಗದ್ದೆ ಬಯಲುಗಳಲ್ಲಿ ಕೊಯ್ಲಾದ ಮೇಲೆ ಆಡುವ ಹುಡುಗರನ್ನು ಕೇಳಿದರೂ ಇದನ್ನೇ ಹೇಳಿಯಾರು: ಒಣ ನೆಲದ ಮೇಲೆ ಬರಿಗಾಲಿನಷ್ಟು ಚುರುಕು ಬೇರೊಂದಿಲ್ಲ.

ಈ ಆಯ್ಕೆಗೆ ಒಂದು ಇತಿಹಾಸದ ಬಲವೂ ಇತ್ತು. 1911ರ ಜುಲೈ 29ರಂದು ಕಲ್ಕತ್ತೆಯ ಮೋಹನ್ ಬಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ ಸೈನಿಕರನ್ನು 2–1ರಿಂದ ಸೋಲಿಸಿ ಐ.ಎಫ್.ಎ. ಶೀಲ್ಡ್ ಗೆದ್ದಿತು. ಆ ಹನ್ನೊಂದು ಮಂದಿಯಲ್ಲಿ ಬೂಟು ಹಾಕಿದ್ದವನು ಒಬ್ಬನೇ. ಬೂಟಿನ ದೊರೆಗಳನ್ನು ಬರಿಗಾಲಿನವರು ಸೋಲಿಸಿದರು ಎಂಬ ಸುದ್ದಿ ದೇಶಕ್ಕೆಲ್ಲ ಹಬ್ಬಿತು. ಅಂದಿನಿಂದ ಬರಿಗಾಲು ಅಭ್ಯಾಸವಷ್ಟೇ ಆಗಿ ಉಳಿಯದೆ ಅಭಿಮಾನವೂ ಆಯಿತು.

ಆದರೆ ಬರಿಗಾಲಿಗೆ ಶತ್ರುಗಳು ಮೂರು. ಮೊದಲನೆಯದು ಮಳೆ. ಒದ್ದೆ ಹುಲ್ಲಿನ ಮೇಲೆ ಬರಿಗಾಲು ಹಿಡಿತ ತಪ್ಪುತ್ತದೆ. ಅಂದಿನ ಚರ್ಮದ ಚೆಂಡು ನೀರು ಕುಡಿದು ಕಲ್ಲಿನಂತೆ ಭಾರವಾಗುತ್ತಿತ್ತು. ಎರಡನೆಯದು ಎದುರಾಳಿಯ ಬೂಟು. ಗುಬ್ಬಿಯ ಬೂಟು ಬೆರಳ ಮೇಲೆ ಬಿದ್ದೀತೆಂಬ ಅಂಜಿಕೆ ಇರುವವನು ಚೆಂಡಿಗಾಗಿ ಪೂರ್ತಿ ಮನಸ್ಸಿನಿಂದ ಹೋರಾಡಲಾರ. ಮೂರನೆಯದು ದೂರ. ಬೂಟಿನ ಕಾಲು ಚೆಂಡನ್ನು ಒದೆಯುವ ದೂರಕ್ಕೆ ಬರಿಗಾಲು ಒದೆಯಲಾರದು. ಮೈದಾನದ ಈ ತುದಿಯಿಂದ ಆ ತುದಿಗೆ ಎರಡೇ ಒದೆತದಲ್ಲಿ ಚೆಂಡು ದಾಟಿಸುವ ಯುರೋಪಿನ ಆಟವನ್ನು ಬರಿಗಾಲಲ್ಲಿ ಆಡಲಾಗದು. ಆದ್ದರಿಂದಲೇ ನಮ್ಮವರ ಆಟ ಹತ್ತಿರ ಹತ್ತಿರದ ಪಾಸುಗಳ, ಕುಣಿತದ, ಕಣ್ಣುಕಟ್ಟಿನ ಆಟವಾಗಿ ಬೆಳೆಯಿತು.

ಆ ಆಟಕ್ಕೆ ಅಹಮದ್ ಖಾನ್ ಹೇಳಿ ಮಾಡಿಸಿದಂತಿದ್ದರು. ಅವರ ಜಾಗ 'ಇನ್‌ಸೈಡ್ ಲೆಫ್ಟ್'. ಅಂದಿನ ತಂಡಗಳು ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು ಎಂಬ ಕ್ರಮದಲ್ಲಿ ನಿಲ್ಲುತ್ತಿದ್ದವು. ಮುಂದಿನ ಐವರಲ್ಲಿ ನಡುವಿನವನು ಗೋಲು ಹೊಡೆಯಬೇಕು, ಅಂಚಿನ ಇಬ್ಬರು ಗೆರೆಯುದ್ದಕ್ಕೆ ಓಡಬೇಕು. ಅವರ ನಡುವಿನ ಇಬ್ಬರು 'ಇನ್‌ಸೈಡ್' ಆಟಗಾರರು ಹಿಂದಿನಿಂದ ಚೆಂಡು ತಂದು, ಎದುರಾಳಿಗಳನ್ನು ತಮ್ಮತ್ತ ಸೆಳೆದು, ಅವರ ನಡುವೆ ಬಿರುಕು ಕಂಡೊಡನೆ ಚೆಂಡನ್ನು ಅಲ್ಲಿಗೆ ತೂರಿಸಬೇಕು. ತಂಡದ ಬುದ್ಧಿ ಕೆಲಸ ಮಾಡುವುದು ಇಲ್ಲಿ. ಅಹಮದರ ಕಾಲಿಗೆ ಚೆಂಡು ಬಂದರೆ ಅದು ಪುಂಗಿಯ ಮುಂದಿನ ಹಾವಿನಂತೆ ಅವರು ಹೇಳಿದ ಹಾಗೆ ತೂಗುತ್ತಿತ್ತು. ಜನ ಅವರಿಗೆ 'ಹಾವಾಡಿಗ' ಎಂದೇ ಹೆಸರಿಟ್ಟರು.

ಇಲ್‌ಫರ್ಡ್‌ನ ಆ ದಿನ

ಲಂಡನ್ನಿಗೆ ಹೋದ ತಂಡದ ನಾಯಕ ತಾಲಿಮೆರೆನ್ ಆವೊ. ನಾಗಾ ಬೆಟ್ಟಗಳಿಂದ ಬಂದು ಕಲ್ಕತ್ತೆಯಲ್ಲಿ ವೈದ್ಯಕೀಯ ಓದುತ್ತಿದ್ದವರು. ಬೂಟಿಲ್ಲದೆ ಏಕೆ ಆಡುತ್ತೀರಿ ಎಂದು ಕೇಳಿದ ಪತ್ರಕರ್ತರಿಗೆ ಅವರು, ನಾವು ಆಡುವುದು ಫುಟ್‌ಬಾಲು, ನೀವು ಆಡುವುದು ಬೂಟ್‌ಬಾಲು ಎಂದು ಉತ್ತರಿಸಿದರೆಂಬ ಕಥೆ ಪ್ರಸಿದ್ಧವಾಗಿದೆ. ಬೆಂಗಳೂರಿನ ಅಹಮದ್ ಖಾನ್ ಮತ್ತು ರಾಮನ್, ಬಂಗಾಳದ ಶೈಲೇನ್ ಮನ್ನಾ, ಬಿಹಾರದ ಮೇವಾಲಾಲ್ ಒಂದೇ ಅಂಗಿ ತೊಟ್ಟು ನಿಂತಿದ್ದರು. ವಿಭಜನೆಯ ರಕ್ತ ಇನ್ನೂ ಒಣಗದಿದ್ದ ವರ್ಷ ಅದು. ಜನವರಿಯಲ್ಲಷ್ಟೇ ಗಾಂಧೀಜಿಯವರ ಹತ್ಯೆಯಾಗಿತ್ತು. ಭಾರತ ಎಂದರೇನು ಎಂಬುದಕ್ಕೆ ಈ ಹನ್ನೊಂದು ಜನರ ಪಟ್ಟಿಯೂ ಒಂದು ಉತ್ತರವಾಗಿತ್ತು.

ಮೂವತ್ತನೆಯ ನಿಮಿಷದಲ್ಲಿ ಫ್ರಾನ್ಸಿನ ಕೂರ್ಬ್ಯಾನ್ ಮೊದಲ ಗೋಲು ಹೊಡೆದರು. ಭಾರತ ಎದೆಗುಂದಲಿಲ್ಲ. ಎಪ್ಪತ್ತನೆಯ ನಿಮಿಷದಲ್ಲಿ ರಾಮನ್ ಗೋಲು ಹೊಡೆದು ಸಮ ಮಾಡಿದರು. ಆದರೆ ಆ ದಿನ ಭಾರತಕ್ಕೆ ಎರಡು ಪೆನಾಲ್ಟಿಗಳು ದೊರೆತಿದ್ದವು, ಎರಡೂ ವ್ಯರ್ಥವಾದವು. ಪಂದ್ಯ ಮುಗಿಯಲು ಒಂದು ನಿಮಿಷವಿದ್ದಾಗ ಪೆರ್ಸಿಯೋನ್ ಎರಡನೆಯ ಗೋಲು ಹೊಡೆದು ಫ್ರಾನ್ಸನ್ನು ಗೆಲ್ಲಿಸಿದರು. 2–1ರ ಸೋಲು. ಆದರೂ ಮೈದಾನ ಬಿಟ್ಟು ಹೊರಟ ಜನರ ಬಾಯಲ್ಲಿದ್ದುದು ಸೋತವರ ಆಟ.

ಇಲ್ಲಿ ಒಂದು ಮಾತು. ಬರಿಗಾಲಿನಿಂದಾಗಿ ಸೋತೆವು ಎಂದು ಈ ಪಂದ್ಯವನ್ನು ತೋರಿಸಿ ಹೇಳುವಂತಿಲ್ಲ. ಎರಡು ಪೆನಾಲ್ಟಿಗಳಲ್ಲಿ ಒಂದು ಒಳಹೋಗಿದ್ದರೂ ಕಥೆ ಬೇರೆಯಾಗುತ್ತಿತ್ತು. ಬರಿಗಾಲಿನ ಆಟ ಯುರೋಪಿನ ತಂಡಕ್ಕೆ ಸರಿಸಮನಾಗಿ ನಿಲ್ಲಬಲ್ಲದು ಎಂಬುದೇ ಇಲ್‌ಫರ್ಡ್ ಕಲಿಸಿದ ಪಾಠ. ಆ ಪಾಠವನ್ನು ನಾವು ಸ್ವಲ್ಪ ಹೆಚ್ಚಾಗಿಯೇ ನಂಬಿದೆವು ಎನ್ನುವುದು ನಾಲ್ಕು ವರ್ಷಗಳ ನಂತರ ತಿಳಿಯಿತು.

ಪಂಚಪಾಂಡವರು

ಲಂಡನ್ನಿನಿಂದ ಬಂದ ಮರುವರ್ಷ, 1949ರಲ್ಲಿ, ಅಹಮದ್ ಖಾನ್ ಬೆಂಗಳೂರು ಬಿಟ್ಟು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ಬೆಂಗಳೂರಿನಲ್ಲಿ ಮೈದಾನಗಳಿದ್ದವು, ಆಟಗಾರರಿದ್ದರು, ನೋಡುವ ಜನರೂ ಇದ್ದರು. ಆದರೆ ಫುಟ್‌ಬಾಲ್ ಆಡಿ ಹೊಟ್ಟೆ ಹೊರೆಯುವ ದಾರಿ ಇರಲಿಲ್ಲ. ಕಾರ್ಖಾನೆಗಳ ತಂಡಗಳಲ್ಲಿ ಆಡುವವನಿಗೆ ಒಂದು ನೌಕರಿ ಸಿಕ್ಕರೆ ಅದೇ ಭಾಗ್ಯ. ಕಲ್ಕತ್ತೆಯಲ್ಲಿ ದೊಡ್ಡ ಕ್ಲಬ್ಬುಗಳಿದ್ದವು. ಕಾಗದದ ಮೇಲೆ ಅಲ್ಲಿಯೂ ಎಲ್ಲರೂ ಹವ್ಯಾಸಿಗಳೇ. ಆದರೂ ವಸತಿ, ಊಟ, ಉದ್ಯೋಗ, ಕೈಖರ್ಚು ಎಂದು ಆಟಗಾರನ ಯೋಗಕ್ಷೇಮವನ್ನು ಕ್ಲಬ್ಬು ನೋಡಿಕೊಳ್ಳುತ್ತಿತ್ತು. 1930ರ ದಶಕದಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡ ಬೆಂಗಳೂರಿನಂಥ ದೂರದ ಊರುಗಳಿಂದ ಆಟಗಾರರನ್ನು ಕರೆಸಿಕೊಂಡು 1934ರಿಂದ 1938ರವರೆಗೆ ಸತತ ಐದು ವರ್ಷ ಕಲ್ಕತ್ತ ಲೀಗ್ ಗೆದ್ದಿತ್ತು. ದಕ್ಷಿಣದ ಕಾಲುಗಳ ಬೆಲೆ ಕಲ್ಕತ್ತೆಗೆ ಆಗಲೇ ಗೊತ್ತಾಗಿತ್ತು.

ಈಸ್ಟ್ ಬೆಂಗಾಲ್ ಕಾರ್ಯದರ್ಶಿ ಜ್ಯೋತಿಷ್ ಚಂದ್ರ ಗುಹ ದಕ್ಷಿಣದಿಂದ ಐವರು ಮುನ್ನಡೆಯ ಆಟಗಾರರನ್ನು ಒಟ್ಟುಗೂಡಿಸಿದರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೇ. ಅಭಿಮಾನಿಗಳು ಇವರನ್ನು 'ಪಂಚಪಾಂಡವರು' ಎಂದು ಕರೆದರು. ಮುಂದಿನ ಸಾಲಿನಲ್ಲಿ ಐವರು ನಿಲ್ಲುವ ಆ ಕಾಲದ ಆಟಕ್ಕೆ ಈ ಹೆಸರು ಎಷ್ಟು ಒಪ್ಪುತ್ತದೆ! 1949ರಲ್ಲಿ ಈಸ್ಟ್ ಬೆಂಗಾಲ್ ಕಲ್ಕತ್ತ ಲೀಗ್, ಐ.ಎಫ್.ಎ. ಶೀಲ್ಡ್, ರೋವರ್ಸ್ ಕಪ್ ಮೂರನ್ನೂ ಗೆದ್ದಿತು. ಶೀಲ್ಡನ್ನು 1949, 1950, 1951ರಲ್ಲಿ ಸತತ ಮೂರು ಬಾರಿ ತನ್ನದಾಗಿಸಿಕೊಂಡಿತು. ದೆಹಲಿಯ ಡ್ಯುರಾಂಡ್ ಕಪ್ಪನ್ನು 1951 ಮತ್ತು 1952ರಲ್ಲಿ ಗೆದ್ದಿತು.

ಗೆದ್ದ ಕಪ್ಪುಗಳ ಲೆಕ್ಕಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಈಸ್ಟ್ ಬೆಂಗಾಲ್ ಕ್ಲಬ್ಬಿನ ಬೆನ್ನಿಗೆ ನಿಂತ ಜನ ಯಾರು? ಅವರಲ್ಲಿ ಬಹುಪಾಲು ಪೂರ್ವ ಬಂಗಾಳದ ಮೂಲದವರು. ಮನೆ, ಹೊಲ, ಊರು ಎಲ್ಲವನ್ನೂ ಪೂರ್ವ ಪಾಕಿಸ್ತಾನದಲ್ಲಿ ಬಿಟ್ಟು ಉಟ್ಟ ಬಟ್ಟೆಯಲ್ಲಿ ಕಲ್ಕತ್ತೆಗೆ ಓಡಿಬಂದ ಹಿಂದೂ ನಿರಾಶ್ರಿತರು ಅವರಲ್ಲಿ ಲಕ್ಷಗಟ್ಟಲೆ. ಅವರ ಹಳೆಯ ಊರಿನ ಹೆಸರು ಉಳಿದದ್ದು ಈ ಕ್ಲಬ್ಬಿನ ಹೆಸರಿನಲ್ಲಿ ಮಾತ್ರ. ಆ ಗಾಯಗೊಂಡ ಜನ ಗ್ಯಾಲರಿಯಲ್ಲಿ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದುದು ಬೆಂಗಳೂರಿನ ಒಬ್ಬ ಮುಸಲ್ಮಾನನ ಹೆಸರನ್ನು. ಅಹಮದ್ ಖಾನರ ಕಾಲಿಗೆ ಚೆಂಡು ಬಂದಾಗ ಅವರಿಗೆ ಜಾತಿ ಮತದ ಲೆಕ್ಕ ಬೇಕಿರಲಿಲ್ಲ. ಭಾಷಣಗಳು ಮಾಡಲಾಗದ ಕೆಲಸವನ್ನು ಆಟ ಕೆಲವೊಮ್ಮೆ ಸದ್ದಿಲ್ಲದೆ ಮಾಡುತ್ತದೆ.

ದೆಹಲಿಯ ಚಿನ್ನ, ಹೆಲ್ಸಿಂಕಿಯ ಪಾಠ

1950ರಲ್ಲಿ ಬ್ರೆಜಿಲ್ಲಿನಲ್ಲಿ ವಿಶ್ವಕಪ್. ಭಾರತದ ಗುಂಪಿನ ಉಳಿದ ದೇಶಗಳು ಹಿಂದೆ ಸರಿದಿದ್ದರಿಂದ ಒಂದೂ ಪಂದ್ಯವಾಡದೆ ಭಾರತಕ್ಕೆ ಸ್ಥಾನ ಸಿಕ್ಕಿತ್ತು. ಇಟಲಿ, ಸ್ವೀಡನ್, ಪರಾಗ್ವೆಗಳ ಜತೆ ಆಡಬೇಕಿತ್ತು. ತಂಡ ಹೋಗಲಿಲ್ಲ. ಬರಿಗಾಲಲ್ಲಿ ಆಡಲು ಬಿಡದ ಕಾರಣ ಹೋಗಲಿಲ್ಲ ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಆದರೆ ಅಂದಿನ ಫುಟ್‌ಬಾಲ್ ಫೆಡರೇಷನ್ ಕೊಟ್ಟ ಕಾರಣಗಳು ತಂಡದ ಆಯ್ಕೆಯ ಭಿನ್ನಾಭಿಪ್ರಾಯ ಮತ್ತು ಅಭ್ಯಾಸಕ್ಕೆ ಸಮಯ ಸಾಲದಿರುವುದು. ಅಸಲು ಕಾರಣ ಇನ್ನೂ ಸರಳ. ಆಗ ನಮ್ಮವರ ಕಣ್ಣಿಗೆ ಒಲಿಂಪಿಕ್ಸೇ ಎಲ್ಲಕ್ಕಿಂತ ದೊಡ್ಡದು. ವಿಶ್ವಕಪ್ಪಿನ ಮಹತ್ವ ಯಾರಿಗೂ ಹೊಳೆದಿರಲಿಲ್ಲ. ಹೀಗೆ ಅಹಮದ್ ಖಾನ್ ತಮ್ಮ ಆಟದ ಉತ್ತುಂಗದಲ್ಲಿದ್ದಾಗಲೇ ವಿಶ್ವಕಪ್ ಕೈತಪ್ಪಿತು. ಆಮೇಲೆ ಭಾರತ ಇಂದಿನವರೆಗೂ ಆ ಅಂಗಳ ತುಳಿದಿಲ್ಲ.

ಮರುವರ್ಷ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡೆಗಳು ನಡೆದವು. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ತರಬೇತುದಾರ, ಶೈಲೇನ್ ಮನ್ನಾ ನಾಯಕ. ಇಂಡೊನೇಷ್ಯವನ್ನು 3–0, ಅಫ್ಘಾನಿಸ್ತಾನವನ್ನು 3–0 ಗೋಲುಗಳಿಂದ ಸೋಲಿಸಿದ ಭಾರತ 1951ರ ಮಾರ್ಚ್ 10ರಂದು ನಡೆದ ಅಂತಿಮ ಪಂದ್ಯದಲ್ಲಿ ಇರಾನನ್ನು 1–0ಯಿಂದ ಮಣಿಸಿತು. ಗೋಲು ಮೇವಾಲಾಲರದು. ಅಹಮದ್ ಖಾನರ ಕೊರಳಿಗೆ ಚಿನ್ನದ ಪದಕ ಬಿತ್ತು. ಬರಿಗಾಲಿನ ಆಟ ಏಷ್ಯದ ನೆತ್ತಿಯ ಮೇಲಿತ್ತು.

1952ರ ಜುಲೈ 15. ಈ ಬಾರಿ ಊರು ಫಿನ್ಲೆಂಡಿನ ಹೆಲ್ಸಿಂಕಿ. ಎದುರಾಳಿ ಯುಗೊಸ್ಲಾವಿಯ. ಮಿಟಿಚ್, ಜೆಬೆಕ್, ವುಕಾಸ್‌ರಂಥ ಘಟಾನುಘಟಿಗಳಿದ್ದ, ಆ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ತಂಡ. ಉತ್ತರದ ತಣ್ಣನೆಯ ಹವೆಯಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದರು. ಮೇಲೆ ಹೇಳಿದ ಶತ್ರುಗಳು ಒಟ್ಟಾಗಿಯೇ ಎದುರಾದಂತಿತ್ತು. ಯುಗೊಸ್ಲಾವಿಯದವರು ಉದ್ದ ಉದ್ದನೆಯ ಪಾಸುಗಳಿಂದ ಮೈದಾನವನ್ನು ಸೀಳಿದರು. ಭಾರತದಲ್ಲಿ 90 ನಿಮಿಷಕ್ಕಿಂತ ಕಡಿಮೆ ಹೊತ್ತು ಆಡುವ ರೂಢಿ ಇದ್ದುದರಿಂದ ನಮ್ಮವರ ಉಸಿರೂ ಸಾಲಲಿಲ್ಲ. ಹತ್ತು ಗೋಲುಗಳು ಬಿದ್ದವು.

ಎಂಬತ್ತೊಂಬತ್ತನೆಯ ನಿಮಿಷದಲ್ಲಿ ಭಾರತ ಒಂದು ಗೋಲು ಹೊಡೆಯಿತು. ಹೊಡೆದವರು ಅಹಮದ್ ಖಾನ್. ಸೋಲು ಎಂದೋ ನಿಶ್ಚಯವಾಗಿದ್ದ ಪಂದ್ಯದಲ್ಲಿ ಆ ಗೋಲಿನಿಂದ ಯಾವ ಲಾಭವೂ ಇರಲಿಲ್ಲ. ಆದರೂ ದಾಖಲೆಯ ಪುಸ್ತಕದಲ್ಲಿ 10–0 ಎಂದಿರದೆ 10–1 ಎಂದಿದೆ. ದಣಿದ, ಚಳಿಗೆ ಮರಗಟ್ಟಿದ ಕಾಲು ಕೊನೆಯ ನಿಮಿಷದವರೆಗೂ ಆಟ ಬಿಟ್ಟುಕೊಡಲಿಲ್ಲ ಎಂಬುದಕ್ಕೆ ಆ ಒಂದು ಅಂಕಿಯೇ ಸಾಕ್ಷಿ.

ಬೂಟು ಬಂದ ಮೇಲೆ

ಹೆಲ್ಸಿಂಕಿಯ ನಂತರ ಫುಟ್‌ಬಾಲ್ ಫೆಡರೇಷನ್ ಬೂಟುಗಳನ್ನು ಕಡ್ಡಾಯ ಮಾಡಿತು. ಒಂದು ಆದೇಶದಿಂದ ನಿಯಮ ಬದಲಾಗಬಹುದು; ಕಾಲು ಬದಲಾಗಲು ಕಾಲ ಬೇಕು. ಬಾಲ್ಯದಿಂದ ಚರ್ಮಕ್ಕೆ ಚರ್ಮ ತಾಗಿಸಿ ಆಡಿದವರು ಈಗ ದಪ್ಪ ತೊಗಲಿನ ಒಳಗಿನಿಂದ ಚೆಂಡನ್ನು ಅರಿಯಬೇಕಾಯಿತು. ಅಂಗಾಲಿನ ಎಳೆತ, ಬೆರಳಿನ ತಟ್ಟು ಇವೆಲ್ಲ ಕೆಲಸಕ್ಕೆ ಬಾರದಾದವು. ತಂತಿಯ ಮೇಲೆ ಬರಿ ಬೆರಳಿಟ್ಟು ವೀಣೆ ನುಡಿಸುವವನಿಗೆ ಇಂದಿನಿಂದ ಕೈಚೀಲ ತೊಟ್ಟು ನುಡಿಸು ಎಂದು ಹೇಳಿದರೆ ಹೇಗಾದೀತೋ ಹಾಗೆ. ಎಷ್ಟೋ ಒಳ್ಳೆಯ ಆಟಗಾರರ ಆಟ ಇಲ್ಲಿಗೇ ಮುಗಿಯಿತು.

ಅಹಮದ್ ಖಾನ್ ದಾಟಿದರು. 1959ರವರೆಗೂ, ಅಂದರೆ ಒಟ್ಟು ಹತ್ತು ವರ್ಷ, ಅವರು ಈಸ್ಟ್ ಬೆಂಗಾಲ್ ಬಣ್ಣದಲ್ಲಿ ಆಡಿದರು. 1953ರಲ್ಲಿ ಆ ಕ್ಲಬ್ಬು ರುಮೇನಿಯ ಮತ್ತು ಸೋವಿಯತ್ ಒಕ್ಕೂಟಗಳ ಪ್ರವಾಸ ಕೈಗೊಂಡಿತು. ಅಲ್ಲಿ ದೊಡ್ಡ ಅಂತರದ ಸೋಲುಗಳೂ ಎದುರಾದವು. ಆದರೆ ಮಾಸ್ಕೋದ ಟಾರ್ಪೆಡೊ ತಂಡದೊಡನೆ 3–3ರ ಸಮ ಸಾಧಿಸಿದ್ದು ಸಣ್ಣ ಮಾತಲ್ಲ. 1956ರಲ್ಲಿ ಡ್ಯುರಾಂಡ್ ಕಪ್ ಮತ್ತೆ ಈಸ್ಟ್ ಬೆಂಗಾಲ್ ಪಾಲಾಯಿತು.

ಅದೇ ವರ್ಷ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಬೂಟು ತೊಟ್ಟ ಭಾರತ ಆತಿಥೇಯ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿ ನಾಲ್ಕನೆಯ ಸ್ಥಾನ ಪಡೆಯಿತು. ಆ ತಂಡದಲ್ಲಿಯೂ ಬೆಂಗಳೂರಿನ ಕೆಂಪಯ್ಯ ಇದ್ದರು. 1960ರಲ್ಲಿ ರೋಮ್ ಒಲಿಂಪಿಕ್ಸ್‌ನಲ್ಲಿ ಭಾರತ ಮತ್ತೆ ಫ್ರಾನ್ಸನ್ನು ಎದುರಿಸಿತು. ಪಿ.ಕೆ. ಬ್ಯಾನರ್ಜಿಯವರ ಗೋಲಿನಿಂದ ಮುಂದಿದ್ದ ಭಾರತದ ಮೇಲೆ ಕೊನೆಯ ಹತ್ತು ನಿಮಿಷಗಳಲ್ಲಿ ಫ್ರಾನ್ಸ್ ಗೋಲು ಹೊಡೆದು 1–1ರ ಸಮ ಮಾಡಿಕೊಂಡಿತು. ಇಲ್‌ಫರ್ಡ್‌ನಲ್ಲಿ ಬರಿಗಾಲಿನವರು 1–2, ರೋಮಿನಲ್ಲಿ ಬೂಟಿನವರು 1–1. ಹನ್ನೆರಡು ವರ್ಷಗಳ ಪಯಣವನ್ನು ಈ ಎರಡು ಫಲಿತಾಂಶಗಳ ನಡುವೆ ಓದಿಕೊಳ್ಳಬಹುದು. ಬೂಟು ನಮಗೆ ಗೆಲುವನ್ನು ಉಚಿತವಾಗಿ ತಂದುಕೊಡಲಿಲ್ಲ. ಲೋಕ ಆಡುವ ನೆಲದ ಮೇಲೆ ನಿಲ್ಲುವ ಹಕ್ಕನ್ನು ಕೊಟ್ಟಿತು. ಅದಕ್ಕೆ ಪ್ರತಿಯಾಗಿ ನಾವು ಕೊಟ್ಟದ್ದು ನಮ್ಮದೇ ಆದ ಒಂದು ಆಟದ ಸೊಬಗನ್ನು.

ಇದು ಹಳೆಯ ಕಥೆ ಮಾತ್ರವಲ್ಲ. ಮಲೆನಾಡಿನ ಊರುಗಳಲ್ಲಿ ಮಣ್ಣಿನ ಮೇಲೆ ಬರಿಗಾಲಲ್ಲಿ ಆಡುತ್ತಿದ್ದ ಕಬಡ್ಡಿಗೆ ಏನಾಯಿತು ನೋಡಿ. 1990ರಲ್ಲಿ ಅದು ಏಷ್ಯನ್ ಕ್ರೀಡೆಗಳಿಗೆ ಸೇರಿತು. ಮಣ್ಣು ಹೋಗಿ ಮ್ಯಾಟ್ ಬಂತು, ಬರಿಗಾಲು ಹೋಗಿ ಬೂಟು ಬಂತು. ಹುಟ್ಟಿದಾಗಿನಿಂದ ಅದು ನಮ್ಮದೇ ಆಟ ಎಂದುಕೊಂಡಿದ್ದ ನಮಗೆ 2018ರ ಜಕಾರ್ತ ಏಷ್ಯನ್ ಕ್ರೀಡೆಯಲ್ಲಿ ಇರಾನ್ ಪುರುಷರ ಸೆಮಿಫೈನಲ್ಲಿನಲ್ಲೂ ಮಹಿಳೆಯರ ಫೈನಲ್ಲಿನಲ್ಲೂ ಸೋಲುಣಿಸಿತು. ಆಟದ ನೆಲ ಬದಲಾದಾಗ ಹಳೆಯ ಕಸುಬು ಇದ್ದಲ್ಲೇ ನಿಂತರೆ ಹೆಲ್ಸಿಂಕಿ ಎಲ್ಲಿ ಬೇಕಾದರೂ ಮರುಕಳಿಸಬಹುದು.

ಊರು ಮತ್ತು ಹೆಸರು

ಆಟ ಬಿಟ್ಟ ಮೇಲೂ ಅಹಮದ್ ಖಾನ್ ಬಹಳ ಕಾಲ ಬದುಕಿದ್ದರು. 2017ರ ಆಗಸ್ಟ್ 27ರಂದು, ತೊಂಬತ್ತು ವರ್ಷ ತುಂಬಿದ್ದ ಅವರು ಬೆಂಗಳೂರಿನಲ್ಲಿಯೇ ತೀರಿಕೊಂಡರು. ಹೆಸರು ಗಳಿಸಿದ ಊರು ಒಂದು, ಉಸಿರು ಬಿಟ್ಟ ಊರು ಇನ್ನೊಂದು. ಕಲ್ಕತ್ತೆಯ ಮೈದಾನದಲ್ಲಿ ಹತ್ತಾರು ಸಾವಿರ ಜನ ಕೂಗಿದ ಹೆಸರನ್ನು ಹುಟ್ಟಿದ ಊರಿನ ಬೀದಿಗಳಲ್ಲಿ ಗುರುತಿಸುವವರು ಎಷ್ಟು ಮಂದಿ ಇದ್ದರು?

ನಮ್ಮ ಮರೆವಿಗೆ ಕಾರಣಗಳಿವೆ. ಅವರು ಆಡಿದ್ದು ಕಲ್ಕತ್ತೆಯಲ್ಲಿ. ವರದಿಗಳು ಬಂದದ್ದು ಬಂಗಾಳಿ, ಇಂಗ್ಲಿಷ್ ಪತ್ರಿಕೆಗಳಲ್ಲಿ. ದಂಡಿನ ಮಾತು ಉರ್ದು, ತಮಿಳು, ಇಂಗ್ಲಿಷು. ಪೇಟೆಯ ಕನ್ನಡಕ್ಕೆ ಆ ಆಟದ ಕಥೆಗಳು ಬಂದು ತಲುಪಿದ್ದೇ ಕಡಿಮೆ. ಫುಟ್‌ಬಾಲ್ ಬಡ ಬಡಾವಣೆಗಳ ಆಟವಾಗಿ ಉಳಿಯಿತು. 1970ರ ದಶಕದಲ್ಲಿ ಕ್ರಿಕೆಟ್ಟಿನ ಬೆಳಕು ಬಿದ್ದಾಗ ಉಳಿದದ್ದೆಲ್ಲ ನೆರಳಿಗೆ ಸರಿಯಿತು. 1952–53ರಲ್ಲಿ, 1967–68ರಲ್ಲಿ, 1968–69ರಲ್ಲಿ ಸಂತೋಷ್ ಟ್ರೋಫಿ ಗೆದ್ದ ಮೈಸೂರು ತಂಡದ ವಾರಸುದಾರರಾದ ಕರ್ನಾಟಕದವರು ಮತ್ತೆ ಅದನ್ನು ಎತ್ತಿ ಹಿಡಿಯಲು 2023ರ ಮಾರ್ಚ್ ತನಕ ಕಾಯಬೇಕಾಯಿತು. ಸೌದಿ ಅರೇಬಿಯದ ರಿಯಾದಿನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಗೆದ್ದ ಆ ಟ್ರೋಫಿಯ ಹಿಂದೆ 54 ವರ್ಷಗಳ ಬರವಿತ್ತು.

2013ರಲ್ಲಿ ಬೆಂಗಳೂರು ಎಫ್.ಸಿ. ಎಂಬ ವೃತ್ತಿಪರ ಕ್ಲಬ್ಬು ಹುಟ್ಟಿದ ಮೇಲೆ ಆಡಿ ಬದುಕುವ ದಾರಿ ನಮ್ಮ ಊರಿನಲ್ಲೇ ತೆರೆದಿದೆ. ಕಂಠೀರವ ಕ್ರೀಡಾಂಗಣದಲ್ಲಿ ಇಂದು ಹುಡುಗರು ಹಾಡುತ್ತ ಕುಣಿಯುತ್ತ ಪಂದ್ಯ ನೋಡುತ್ತಾರೆ. ಆಸ್ಟಿನ್ ಟೌನಿನ ಹುಡುಗ ಹೆಸರು ಮಾಡಲು ಕಲ್ಕತ್ತೆಯ ರೈಲು ಹತ್ತಲೇಬೇಕೆಂದಿಲ್ಲ. ಆ ಹುಡುಗರಿಗೆ ಯುರೋಪಿನ ಆಟಗಾರರ ಹೆಸರುಗಳು, ಅವರು ತೊಡುವ ಬೂಟಿನ ಕಂಪನಿಗಳು ಎಲ್ಲವೂ ಬಾಯಿಪಾಠ. ತಮ್ಮದೇ ಬೀದಿಯಿಂದ ಹೊರಟ ಒಬ್ಬ ಹಾವಾಡಿಗ ಬೂಟೇ ಇಲ್ಲದೆ ಫ್ರಾನ್ಸನ್ನು ನಡುಗಿಸಿ ಬಂದ ಸಂಗತಿಯನ್ನೂ ಅವರಿಗೆ ಯಾರಾದರೂ ಹೇಳಬೇಕು. ಹೇಳಬೇಕಾದವರು ನಾವೇ.